ವಿಷಾದದ ಜೊತೆಯಲ್ಲೇ ಬಾಳಿದ ಲಿಂಕನ್

ಅಮೆರಿಕದ ಹದಿನಾರನೆಯ ಅಧ್ಯಕ್ಷ ಅಬ್ರಹಾಂ ಲಿಂಕನ್ ಕನ್ನಡ ಓದುಗರಿಗೆ ಹೊಸಬನಲ್ಲ. ಆತನ ಹೆಸರಿನಲ್ಲಿ ಎರಡು ಬರಹಗಳು ಶಾಲೆಯ ಗೋಡೆಗಳಲ್ಲೂ ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲೂ ಮತ್ತೆ ಮತ್ತೆ ಕಾಣಸಿಗುತ್ತವೆ. ಒಂದು, ಮಗನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಆತ ಬರೆದನೆನ್ನಲಾದ ಪತ್ರ. ಇನ್ನೊಂದು, ಅಧ್ಯಕ್ಷ ಪದವಿಗೇರುವ ಮುನ್ನ ಆತ ಕಂಡ ಸೋಲುಗಳ ಪಟ್ಟಿ. ಪತ್ರವನ್ನು ಲಿಂಕನ್ ಬರೆದನೆಂಬುದಕ್ಕೆ ಯಾವ ಆಧಾರವೂ ಇಲ್ಲ. ಪಟ್ಟಿಯಲ್ಲಿ 1836ರ ಎದುರು ನರಗಳ ಕುಸಿತ ಎಂಬ ಒಂದೇ ಸಾಲಿನ ನಮೂದು ಇರುತ್ತದೆ. ಆ ವರ್ಷಕ್ಕೆ ದಾಖಲೆಗಳ ಬಲವಿಲ್ಲ. ದಾಖಲೆಗಳು ಹೇಳುವುದು 1835ರ ಮತ್ತು 1841ರ ಎರಡು ಕುಸಿತಗಳನ್ನು. ಚುನಾವಣೆಯ ಸೋಲು, ವ್ಯಾಪಾರದ ನಷ್ಟಗಳ ನಡುವೆ ಒಂದು ಸಾಲಿನಲ್ಲಿ ದಾಟಿಹೋಗುವಷ್ಟು ಸಣ್ಣ ಸಂಗತಿ ಅದಾಗಿರಲಿಲ್ಲ. ಇಂದಿನ ವೈದ್ಯರು ಖಿನ್ನತೆ ಎಂದು ಕರೆಯುವ ಕಾಯಿಲೆಯನ್ನು ಬಹುಪಾಲು ಹೋಲುವ ಒಂದು ಸ್ಥಿತಿ ಲಿಂಕನ್ನನನ್ನು ಯೌವನದಿಂದ ಕೊನೆಯವರೆಗೂ ಬಿಡಲಿಲ್ಲ.

ಶತಮಾನಗಳ ಹಿಂದೆ ಸತ್ತವನಿಗೆ ಇಂದು ಕುಳಿತು ರೋಗನಿರ್ಣಯ ಮಾಡುವುದು ಅಪಾಯದ ಕೆಲಸ, ನಿಜ. ಆದರೆ ಲಿಂಕನ್ ವಿಷಯದಲ್ಲಿ ಊಹೆಗೆ ಕೈಹಾಕಬೇಕಾದ ಅಗತ್ಯ ಕಡಿಮೆ. ಆತ ಬರೆದ ಪತ್ರಗಳು ಉಳಿದಿವೆ. ಆತನ ಮರಣದ ನಂತರ ವಕೀಲಿ ವೃತ್ತಿಯ ಜೊತೆಗಾರ ವಿಲಿಯಂ ಹರ್ನ್‌ಡನ್ ಊರೂರು ಸುತ್ತಿ, ಹಳೆಯ ನೆರೆಹೊರೆಯವರನ್ನು ವಿಚಾರಿಸಿ ಬರೆದಿಟ್ಟ ನೆನಪುಗಳ ರಾಶಿಯೇ ಇದೆ.

ಒಂದರ ಮೇಲೊಂದು ಸಾವು

1809ರ ಫೆಬ್ರುವರಿ 12ರಂದು ಕೆಂಟಕಿಯ ಒಂದು ಮರದ ದಿಮ್ಮಿಗಳ ಮನೆಯಲ್ಲಿ ಲಿಂಕನ್ ಹುಟ್ಟಿದ. ಆತನಿಗೊಬ್ಬ ತಮ್ಮ ಹುಟ್ಟಿ ಹಸುಗೂಸಿದ್ದಾಗಲೇ ತೀರಿಕೊಂಡ. ಕುಟುಂಬ ಇಂಡಿಯಾನಾದ ಕಾಡುಸೀಮೆಗೆ ವಲಸೆ ಹೋಯಿತು. ಅಲ್ಲಿ ವಿಷಸಸ್ಯ ಮೇಯ್ದ ಹಸುಗಳ ಹಾಲಿನಿಂದ ಹರಡುತ್ತಿದ್ದ ಕಾಯಿಲೆಯೊಂದಕ್ಕೆ 1818ರ ಅಕ್ಟೋಬರಿನಲ್ಲಿ ತಾಯಿ ನ್ಯಾನ್ಸಿ ಬಲಿಯಾದಳು. ಬಾಲಕನಿಗೆ ಆಗ 9 ವರ್ಷ. ಒಂಬತ್ತು ವರ್ಷಗಳ ನಂತರ, 1828ರ ಜನವರಿಯಲ್ಲಿ, ಇದ್ದೊಬ್ಬ ಅಕ್ಕ ಸಾರಾ ಹೆರಿಗೆಯಲ್ಲಿ ಸತ್ತಳು. ಮಲತಾಯಿ ಸಾರಾ ಬುಷ್ ಒಳ್ಳೆಯವಳಾಗಿ ದೊರೆತದ್ದು ಆತನ ಪುಣ್ಯ. ಹುಡುಗನ ಓದಿನ ಹಂಬಲವನ್ನು ಗುರುತಿಸಿ ಪೋಷಿಸಿದವಳು ಆಕೆಯೇ.

ವಿಷಾದ ಆ ಮನೆತನಕ್ಕೆ ಹೊಸದೇನಾಗಿರಲಿಲ್ಲ. ತಂದೆ ಥಾಮಸ್ ಆಗಾಗ ಮಂಕು ಕವಿದವನಂತೆ ಒಬ್ಬನೇ ಹೊಲಗಾಡು ಅಲೆಯುತ್ತಿದ್ದನೆಂದು ಬಲ್ಲವರು ಹೇಳಿದ್ದಾರೆ. ದೊಡ್ಡಪ್ಪ ಮಾರ್ಡೆಕಾಯ್‌ನ ಸ್ವಭಾವದಲ್ಲೂ ಅವನ ಮಕ್ಕಳ ಸ್ವಭಾವದಲ್ಲೂ ಇದೇ ಏರಿಳಿತವಿತ್ತು. ಖಿನ್ನತೆಗೆ ವಂಶದ ಒಲವು ಒಂದು ಕಾರಣ, ಬಾಲ್ಯದಲ್ಲೇ ಹೆತ್ತವರನ್ನು ಕಳೆದುಕೊಳ್ಳುವುದು ಇನ್ನೊಂದು ಎನ್ನುತ್ತದೆ ಇಂದಿನ ವೈದ್ಯಶಾಸ್ತ್ರ. ಲಿಂಕನ್ ಪಾಲಿಗೆ ಎರಡೂ ಬಂದಿದ್ದವು.

ಆದರೂ 20ರ ಹರೆಯದಲ್ಲಿ ಆತ ಮಂಕಾದ ಹುಡುಗನಾಗಿರಲಿಲ್ಲ. 1831ರಲ್ಲಿ ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಪುಟ್ಟ ಹಳ್ಳಿಗೆ ಬಂದವನು ಕುಸ್ತಿಗೆ, ಕಥೆ ಹೇಳುವುದಕ್ಕೆ ಹೆಸರಾಗಿದ್ದ. 1834ರಲ್ಲಿ ರಾಜ್ಯದ ಶಾಸನಸಭೆಗೂ ಆಯ್ಕೆಯಾದ. ಮರುವರ್ಷದ ಆಗಸ್ಟ್ 25ರಂದು ಆ್ಯನ್ ರಟ್ಲೆಜ್ ಎಂಬ 22ರ ತರುಣಿ ಜ್ವರದಿಂದ ಸತ್ತಳು. ಇಬ್ಬರ ನಡುವೆ ಇದ್ದದ್ದು ಎಷ್ಟರ ಮಟ್ಟಿನ ಪ್ರೇಮ ಎಂಬ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಜಗಳವಿಲ್ಲದ ಸಂಗತಿಯೆಂದರೆ, ಆ ಸಾವಿನ ನಂತರ ಲಿಂಕನ್ ಕಾಡಿನಲ್ಲಿ ಒಬ್ಬನೇ ಅಲೆಯತೊಡಗಿದ. ಮಳೆ ಬಿದ್ದರೆ ಹೆಚ್ಚು ಕಂಗೆಡುತ್ತಿದ್ದ. ಊರವರು ಅವನ ಜೀವಕ್ಕೆ ಹೆದರಿ ಕಣ್ಣಿಟ್ಟು ಕಾದರು. ಕೊನೆಗೆ ಬೌಲಿಂಗ್ ಗ್ರೀನ್ ಎಂಬ ಹಿರಿಯನೂ ಅವನ ಹೆಂಡತಿ ನ್ಯಾನ್ಸಿಯೂ ಲಿಂಕನ್ನನನ್ನು ತಮ್ಮ ಮನೆಗೆ ಕರೆದೊಯ್ದು ಕೆಲ ಕಾಲ ಇಟ್ಟುಕೊಂಡರು. ಗುಡಿಸಲುಗಳ ಆ ಹಳ್ಳಿಯಲ್ಲಿ ಮನೋವೈದ್ಯನಿರಲಿಲ್ಲ. ನೆರೆಮನೆಯಿತ್ತು.

1841ರ ಚಳಿಗಾಲ

1837ರಲ್ಲಿ ವಕೀಲನಾಗಿ ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ಬಂದಾಗ ಹಾಸಿಗೆ ಹೊದಿಕೆಗೆ ಬೇಕಾದ 17 ಡಾಲರ್ ಕೂಡ ಲಿಂಕನ್ ಕೈಯಲ್ಲಿರಲಿಲ್ಲ. ಅಂಗಡಿಯ ಮಾಲೀಕ ಜೋಶುವಾ ಸ್ಪೀಡ್ ಈ ಉದ್ದ ಮೋರೆಯ ಮನುಷ್ಯನನ್ನು ನೋಡಿ, ಸಾಲ ಮಾಡುವುದಕ್ಕಿಂತ ಮಹಡಿಯ ಮೇಲಿನ ತನ್ನ ಕೋಣೆಯಲ್ಲೇ ಇರಬಹುದೆಂದ. ಲಿಂಕನ್ ಚೀಲವನ್ನು ಮೇಲಿಟ್ಟು ಬಂದು, ತಾನು ವಾಸಕ್ಕೆ ಬಂದಾಯಿತೆಂದು ತಿಳಿಸಿದ. ಅಲ್ಲಿಂದ ಸುಮಾರು ನಾಲ್ಕು ವರ್ಷ ಇಬ್ಬರೂ ಜೊತೆಗಿದ್ದರು. ಆತನ ಬದುಕಿನಲ್ಲಿ ಇಷ್ಟು ಹತ್ತಿರದ ಗೆಳೆಯ ಮತ್ತೊಬ್ಬನಿರಲಿಲ್ಲ.

1840ರ ಕೊನೆಯ ಹೊತ್ತಿಗೆ ಲಿಂಕನ್ ಬಾಳಿನ ಆಧಾರಗಳೆಲ್ಲ ಒಟ್ಟಿಗೇ ಸಡಿಲಗೊಂಡವು. ಕಾಲುವೆ, ರೈಲುದಾರಿಗಳ ನಿರ್ಮಾಣಕ್ಕೆ ರಾಜ್ಯ ಸಾಲ ತರಬೇಕೆಂದು ಶಾಸನಸಭೆಯಲ್ಲಿ ಮುಂದೆ ನಿಂತು ವಾದಿಸಿದವರಲ್ಲಿ ಆತನೂ ಒಬ್ಬ. 1837ರ ಆರ್ಥಿಕ ಕುಸಿತದ ಬಳಿಕ ಆ ಯೋಜನೆ ಮುರಿದುಬಿದ್ದು ಇಲಿನಾಯ್ ದಿವಾಳಿಯ ಅಂಚಿಗೆ ಬಂದಿತ್ತು. ಸಿರಿವಂತ ಮನೆತನದ ಮೇರಿ ಟಾಡ್ ಜೊತೆಗಿನ ಮದುವೆಯ ಮಾತುಕತೆ ಮುರಿಯಿತು. ಮುರಿದವನು ತಾನೇ ಎಂಬ ಪಾಪಪ್ರಜ್ಞೆ ಆತನನ್ನು ತಿನ್ನತೊಡಗಿತು. ಇದರ ಜೊತೆಗೆ, ತಂದೆಯನ್ನು ಕಳೆದುಕೊಂಡಿದ್ದ ಸ್ಪೀಡ್ 1841ರ ಜನವರಿ 1ರಂದು ಅಂಗಡಿಯ ಪಾಲನ್ನು ಮಾರಿ ಊರಾದ ಕೆಂಟಕಿಗೆ ಮರಳಲು ಸಿದ್ಧನಾದ. ಆ ಜನವರಿಯ ಚಳಿಯೂ ಕಡುವಾಗಿತ್ತು.

ಲಿಂಕನ್ ಹಾಸಿಗೆ ಹಿಡಿದ. ಸಭೆಯ ಕಲಾಪಗಳಿಗೆ ತಪ್ಪದೆ ಹೋಗುತ್ತಿದ್ದವನು ಸುಮಾರು ಒಂದು ವಾರ ಅತ್ತ ಸುಳಿಯಲಿಲ್ಲ. ಮತ್ತೆ ಕಾಣಿಸಿಕೊಂಡಾಗ ಮೈ ಇಳಿದು, ಪಿಸುಮಾತಿಗಿಂತ ಗಟ್ಟಿಯಾಗಿ ಮಾತಾಡಲೂ ಶಕ್ತಿಯಿಲ್ಲದಂತಿದ್ದನೆಂದು ಕಂಡವರು ಬರೆದಿದ್ದಾರೆ. ತನ್ನ ಹಿರಿಯ ಜೊತೆ ವಕೀಲ ಜಾನ್ ಸ್ಟುವರ್ಟ್‌ಗೆ ಜನವರಿ 23ರಂದು ಬರೆದ ಪತ್ರದಲ್ಲಿ ಲಿಂಕನ್ ಯಾವ ಮುಚ್ಚುಮರೆಯನ್ನೂ ಇಟ್ಟುಕೊಳ್ಳಲಿಲ್ಲ. ತನ್ನಷ್ಟು ದುಃಖಿ ಇನ್ನೊಬ್ಬನಿಲ್ಲ, ಈ ಸಂಕಟವನ್ನು ಮನುಕುಲಕ್ಕೆಲ್ಲ ಹಂಚಿದರೂ ಭೂಮಿಯ ಮೇಲೆ ನಗುವ ಮುಖ ಒಂದೂ ಉಳಿಯಲಾರದು, ಹೀಗೇ ಇರುವುದಂತೂ ಸಾಧ್ಯವಿಲ್ಲ ಎಂಬ ಅರ್ಥದ ಮಾತುಗಳು ಅಲ್ಲಿವೆ. ಆ ಕಾಲದಲ್ಲಿ ಇದನ್ನು ಮೆಲಂಕೊಲಿ ಎಂದೋ, ಆಡುಮಾತಿನಲ್ಲಿ ಹೈಪೊ ಎಂದೋ ಕರೆಯುತ್ತಿದ್ದರು. ನಿದ್ರೆ ಕೆಡುವುದು, ಊಟ ಸೇರದಿರುವುದು, ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು, ಬದುಕು ಬೇಡವೆನಿಸುವುದು ಇವೆಲ್ಲ ಎರಡು ವಾರಕ್ಕೂ ಮೀರಿ ಬಿಡದೆ ಕಾಡಿದರೆ ಇಂದಿನ ವೈದ್ಯರು ಅದನ್ನು ಬರಿಯ ಬೇಸರವೆಂದು ತಳ್ಳಿಹಾಕುವುದಿಲ್ಲ.

ಸ್ಪೀಡ್ ಮತ್ತು ಇತರ ಗೆಳೆಯರು ಆ ದಿನಗಳಲ್ಲಿ ಮಾಡಿದ ಒಂದು ಕೆಲಸವನ್ನು ಗಮನಿಸಬೇಕು. ಲಿಂಕನ್ ಕೋಣೆಯಿಂದ ಕ್ಷೌರದ ಕತ್ತಿ, ಚಾಕು ಮುಂತಾದವುಗಳನ್ನು ತೆಗೆದು ಬೇರೆಡೆ ಇಟ್ಟರು. ಅವನನ್ನು ಒಂಟಿಯಾಗಿ ಬಿಡಲಿಲ್ಲ. ಅಪಾಯದ ಗಳಿಗೆ ಬಹುಮಟ್ಟಿಗೆ ಹಾದುಹೋಗುವಂಥದು, ಆ ಹೊತ್ತಿನಲ್ಲಿ ಅಪಾಯದ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಂಡರೆ ಜೀವ ಉಳಿಯುತ್ತದೆ ಎಂಬುದನ್ನು ಆತ್ಮಹತ್ಯೆ ತಡೆಯ ತಜ್ಞರು ಶಾಸ್ತ್ರೋಕ್ತವಾಗಿ ಸ್ಥಾಪಿಸಿದ್ದು ತೀರ ಈಚೆಗೆ. ಅಂಗಡಿಯ ಯಜಮಾನನೊಬ್ಬನಿಗೆ ಅದು ಪ್ರೀತಿಯಿಂದಲೇ ಹೊಳೆದಿತ್ತು. (ಇಂಥ ಗಳಿಗೆಯಲ್ಲಿರುವವರಿಗೂ ಅವರ ಮನೆಯವರಿಗೂ ಭಾರತದಲ್ಲಿ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆ ದೊರೆತಿದೆ. ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮೇಲುಸ್ತುವಾರಿ ಸಂಸ್ಥೆ. ಕನ್ನಡದಲ್ಲೂ ಮಾತನಾಡಬಹುದು.)

ಆ ದಿನಗಳಲ್ಲಿ ಸ್ಪೀಡ್ ಮುಂದೆ ಲಿಂಕನ್ ತೋಡಿಕೊಂಡ ಮಾತೊಂದು ಇತಿಹಾಸಕ್ಕೆ ಉಳಿದಿದೆ. ಸಾಯುವುದಕ್ಕೆ ತನಗೇನೂ ಹೆದರಿಕೆಯಿಲ್ಲ, ಆದರೆ ತಾನು ಬದುಕಿದ್ದೆನೆಂದು ಒಬ್ಬ ಮನುಷ್ಯನಾದರೂ ನೆನೆಯುವಂಥ ಕೆಲಸವನ್ನು ಇನ್ನೂ ಮಾಡಿಲ್ಲ ಎಂದು ಆತ ಹೇಳಿದನಂತೆ.

ಪಾದರಸದ ಗುಳಿಗೆ

ಚಿಕಿತ್ಸೆಗಾಗಿ ಆತ ಸಂಕೋಚಪಟ್ಟವನಲ್ಲ. ಪಟ್ಟಣದ ವೈದ್ಯ ಆ್ಯನ್ಸನ್ ಹೆನ್ರಿಯನ್ನು ಎಷ್ಟು ನೆಚ್ಚಿದ್ದನೆಂದರೆ, ಆ ವೈದ್ಯ ಊರು ಬಿಟ್ಟು ಹೋಗದಂತೆ ಅವನಿಗೆ ಅಂಚೆ ಕಚೇರಿಯ ಮುಖ್ಯಸ್ಥನ ಹುದ್ದೆ ಕೊಡಿಸಬೇಕೆಂದು ಸ್ಟುವರ್ಟ್‌ನನ್ನು ಬೇಡಿಕೊಂಡ. ಸಿನ್ಸಿನಾಟಿಯ ಹೆಸರಾಂತ ವೈದ್ಯ ಡೇನಿಯಲ್ ಡ್ರೇಕ್‌ಗೂ ತನ್ನ ಲಕ್ಷಣಗಳನ್ನು ವಿವರಿಸಿ ಬರೆದ. ರೋಗಿಯನ್ನು ಕಣ್ಣಾರೆ ಕಾಣದೆ ಮದ್ದು ಹೇಳಲಾರೆನೆಂದು ಡ್ರೇಕ್ ಉತ್ತರಿಸಿದ. ಅಷ್ಟರಮಟ್ಟಿಗೆ ಆತ ಒಳ್ಳೆಯ ವೈದ್ಯನೇ.

ಕಷ್ಟವಿದ್ದದ್ದು ಆ ಕಾಲದ ಮದ್ದುಗಳಲ್ಲಿ. ಅಮೆರಿಕದ ವೈದ್ಯರು ನೆಚ್ಚಿದ್ದ ಬೆಂಜಮಿನ್ ರಷ್‌ನ 1812ರ ಗ್ರಂಥ ಮನೋರೋಗಕ್ಕೆ ಹೇಳಿದ್ದು ರಕ್ತ ಬಸಿಯುವುದು, ಭೇದಿ ಮಾಡಿಸುವುದು, ಚರ್ಮದ ಮೇಲೆ ಬೊಬ್ಬೆ ಎಬ್ಬಿಸುವುದು ಇಂಥವನ್ನು. ಲಿಂಕನ್ ಮೇಲೆ ಇವುಗಳಲ್ಲಿ ಯಾವುದು ಎಷ್ಟು ಪ್ರಯೋಗವಾಯಿತೋ, ಆದರೆ ಮುಂದಿನ ವರ್ಷಗಳಲ್ಲಿ ಆತ ಬ್ಲೂ ಮಾಸ್ ಎಂಬ ಗುಳಿಗೆ ನುಂಗುತ್ತಿದ್ದುದನ್ನು ಸ್ಟುವರ್ಟ್ ನೆನಪಿಸಿಕೊಂಡಿದ್ದಾನೆ. ಅದರ ಮುಖ್ಯ ದ್ರವ್ಯ ಪಾದರಸ. 2001ರಲ್ಲಿ ಸಂಶೋಧಕರು ಹಳೆಯ ಸೂತ್ರದಂತೆಯೇ ಆ ಗುಳಿಗೆಯನ್ನು ತಯಾರಿಸಿ ಪರೀಕ್ಷಿಸಿದಾಗ ಇಂದಿನ ಸುರಕ್ಷತೆಯ ಮಿತಿಗೆ ಹೋಲಿಸಲೂ ಆಗದಷ್ಟು ಪಾದರಸ ಅದರಲ್ಲಿರುವುದು ಕಂಡುಬಂತು. ನಿದ್ರಾಹೀನತೆ, ಕೈನಡುಕ, ಸಿಡುಕು ಪಾದರಸ ಏರಿದಾಗ ಕಾಣುವ ಲಕ್ಷಣಗಳು. ವಿಷಾದಕ್ಕೆಂದು ನುಂಗಿದ ಮದ್ದೇ ಮನಸ್ಸನ್ನು ಕೆಡಿಸುತ್ತಿದ್ದಿರಬಹುದು. ಗುಳಿಗೆ ತನ್ನನ್ನು ಸಿಡುಕನನ್ನಾಗಿಸುತ್ತಿದೆಯೆಂದು ಲಿಂಕನ್ ತಾನೇ ಕಂಡುಕೊಂಡು, 1861ರಲ್ಲಿ ಅಧ್ಯಕ್ಷನಾದ ಕೆಲ ತಿಂಗಳಲ್ಲೇ ಅದನ್ನು ನಿಲ್ಲಿಸಿದ.

ಗೆಳೆಯನ ಮನೆ, ಗೆಳೆಯನಿಗೆ ಪತ್ರ

1841ರ ಆಗಸ್ಟಿನಲ್ಲಿ ಲಿಂಕನ್ ಕೆಂಟಕಿಯ ಲೂಯಿವಿಲ್ ಬಳಿ ಇರುವ ಫಾರ್ಮಿಂಗ್‌ಟನ್ ಎಂಬ ಸ್ಪೀಡ್ ಮನೆತನದ ತೋಟದ ಮನೆಗೆ ಹೋದ. ಕೆಲವು ವಾರ ಅಲ್ಲಿದ್ದ. ಸ್ಪೀಡ್‌ನ ತಾಯಿ ಲೂಸಿ ಆತನ ಮಂಕನ್ನು ಗಮನಿಸಿ ಒಂದು ಬೈಬಲ್ ಕೊಟ್ಟಳು. ಊಟ, ತಿರುಗಾಟ, ಮನೆಮಂದಿಯ ಹರಟೆ ಇವೇ ಅಲ್ಲಿನ ಔಷಧಗಳು. ಆತನನ್ನು ಉಪಚರಿಸಿದ ಆ ಮನೆ ನಡೆಯುತ್ತಿದ್ದುದು ಗುಲಾಮರ ದುಡಿಮೆಯಿಂದ ಎಂಬುದನ್ನು ಮರೆಯಲಾಗದು. ಮರಳುವ ದಾರಿಯಲ್ಲಿ, ಉಗಿದೋಣಿಯೊಂದರಲ್ಲಿ, ಮೀನಿನ ಗಾಳಕ್ಕೆ ಸಿಕ್ಕಿಸಿದಂತೆ ಒಂದೇ ಸರಪಳಿಗೆ ಬಿಗಿದಿದ್ದ 12 ಮಂದಿ ಗುಲಾಮರನ್ನು ಲಿಂಕನ್ ಕಂಡ. ಆ ನೋಟ ತನ್ನನ್ನು ಸದಾ ಹಿಂಸಿಸುತ್ತಲೇ ಬಂದಿದೆಯೆಂದು 14 ವರ್ಷಗಳ ಬಳಿಕ, 1855ರಲ್ಲಿ, ಅದೇ ಸ್ಪೀಡ್‌ಗೆ ಬರೆದ.

ಊರಿಗೆ ಬಂದ ಮೇಲೆ ಪಾತ್ರಗಳು ಅದಲುಬದಲಾದವು. ಫ್ಯಾನಿ ಹೆನ್ನಿಂಗ್ ಎಂಬಾಕೆಯನ್ನು ಮದುವೆಯಾಗಲಿದ್ದ ಸ್ಪೀಡ್‌ಗೆ, ತಾನು ಆಕೆಯನ್ನು ನಿಜಕ್ಕೂ ಪ್ರೀತಿಸುತ್ತಿದ್ದೇನೆಯೇ ಎಂಬ ಸಂಶಯದ ಹುಳು ಹೊಕ್ಕು ಆತ ದಿಕ್ಕೆಟ್ಟ. ಈಗ ಸಂತೈಸುವ ಸರದಿ ಲಿಂಕನ್‌ನದು. 1842ರ ಆರಂಭದಲ್ಲಿ ಆತ ಬರೆದ ಪತ್ರಗಳು ಅಂದಿನ ಯಾವ ವೈದ್ಯಗ್ರಂಥಕ್ಕಿಂತಲೂ ಹೆಚ್ಚು ವಿವೇಕದವು. ಸಂಕಟ ಬಂದಾಗ ತನ್ನ ಸಲಹೆ ನೆನಪಿಗೆ ಬಾರದು, ಆದ್ದರಿಂದ ಇದನ್ನು ಮುಂಚಿತವಾಗಿಯೇ ಬರೆದು ಕೊಡುತ್ತಿದ್ದೇನೆ ಎಂಬುದು ಮೊದಲ ಪತ್ರದ ಪೀಠಿಕೆ. ಬಳಿಕ ಕಾರಣಗಳನ್ನು ಬಿಡಿಸಿಡುತ್ತಾನೆ. ಸ್ವಭಾವದಿಂದಲೇ ಸ್ಪೀಡ್‌ನ ನರಗಳು ಸೂಕ್ಷ್ಮ. ಪ್ರಯಾಣದ ಕೆಟ್ಟ ಹವೆ ಅವುಗಳಿಗೆ ಒಗ್ಗದು. ಕೆಲಸವೂ ಗೆಳೆಯರ ಮಾತುಕತೆಯೂ ಇಲ್ಲದಾಗ ಒಂದೇ ಯೋಚನೆ ಮನಸ್ಸನ್ನು ಸವೆಸುತ್ತದೆ. ಜೊತೆಗೆ ಮದುವೆಯ ಗಳಿಗೆ ಹತ್ತಿರವಾಗುತ್ತಿದೆ. ಇಷ್ಟು ಕಾರಣಗಳಿರುವಾಗ ಇದು ಪ್ರೀತಿಯ ಕೊರತೆಯಲ್ಲ, ನರಗಳ ಬಳಲಿಕೆ ಎಂಬುದು ಲಿಂಕನ್ ವಾದ. ವಕೀಲನ ವಾದವೇ ಸರಿ, ಆದರೆ ರೋಗಿಯ ಮೇಲಿನ ದೂಷಣೆಯನ್ನು ರೋಗದ ಮೇಲೆ ಹೊರಿಸಿದ ವಾದ. ಮನಸ್ಸು ಸರಿಯಿಲ್ಲವೆನಿಸಿದಾಗ ಸುಮ್ಮನೆ ಕೂರಬಾರದು, ಏನಾದರೊಂದು ಕೆಲಸಕ್ಕೆ ಕೈಹಚ್ಚಬೇಕೆಂದು ಇನ್ನೊಂದು ಪತ್ರದಲ್ಲಿ ಹೇಳುತ್ತಾನೆ. ಮನಸ್ಸು ಬರಲೆಂದು ಕಾಯದೆ ಸಣ್ಣಪುಟ್ಟ ಚಟುವಟಿಕೆಗಳನ್ನು ಮೊದಲು ಶುರುಮಾಡಿಸುವ ಪದ್ಧತಿ ಇಂದು ಖಿನ್ನತೆಯ ಮಾತಿನ ಚಿಕಿತ್ಸೆಗಳಲ್ಲಿ ಮಾನ್ಯತೆ ಪಡೆದಿದೆ.

ಸ್ಪೀಡ್ ಮದುವೆಯಾಗಿ ಸುಖವಾಗಿದ್ದಾನೆಂದು ತಿಳಿದ ಮೇಲೆ ಲಿಂಕನ್‌ಗೂ ಧೈರ್ಯ ಬಂತು. ಮುರಿದಿದ್ದ ಸಂಬಂಧ ಕೂಡಿ 1842ರ ನವೆಂಬರ್ 4ರಂದು ಮೇರಿ ಟಾಡ್ ಜೊತೆ ಮದುವೆಯಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಪಾನನಿರೋಧ ಸಂಘದ ಸಭೆಯಲ್ಲಿ ಮಾತನಾಡುತ್ತ, ಕುಡಿತಕ್ಕೆ ಬಿದ್ದವರನ್ನು ಪಾಪಿಗಳೆಂದು ಬೈಯುವುದರಿಂದ ಪ್ರಯೋಜನವಿಲ್ಲ, ಗೆಳೆತನದಿಂದ ಕೈಹಿಡಿಯಬೇಕೆಂದು ಆತ ವಾದಿಸಿದ್ದ. ಸಭೆಯಲ್ಲಿದ್ದ ಧರ್ಮನಿಷ್ಠರಿಗೆ ಅದು ರುಚಿಸಲಿಲ್ಲ.

ನಗೆಯ ಆಸರೆ

ಮುಂದೆ 1841ರಂಥ ಕುಸಿತ ಕಾಣಿಸಲಿಲ್ಲ. ಹಾಗೆಂದು ವಿಷಾದ ತೊಲಗಲೂ ಇಲ್ಲ. ನ್ಯಾಯಾಲಯದ ಸಂಚಾರದಲ್ಲಿ ವಕೀಲರೆಲ್ಲ ಛತ್ರಗಳಲ್ಲಿ ಒಟ್ಟಿಗೆ ಮಲಗುತ್ತಿದ್ದರು. ರಾತ್ರಿ ನಗೆಹನಿಗಳಿಂದ ಎಲ್ಲರ ಹೊಟ್ಟೆ ಹುಣ್ಣಾಗಿಸಿದ ಲಿಂಕನ್, ಬೆಳಗಿನ ಜಾವ ಎದ್ದು ಬೆಂಕಿಯನ್ನೇ ನೋಡುತ್ತ ಕುಳಿತಿರುತ್ತಿದ್ದುದನ್ನು ಜೊತೆ ವಕೀಲ ಹೆನ್ರಿ ವಿಟ್ನಿ ಕಂಡಿದ್ದ. ಲಿಂಕನ್ ನಡೆದಾಡುವಾಗ ಅವನಿಂದ ವಿಷಾದ ಹನಿಹನಿಯಾಗಿ ಸೋರುತ್ತಿತ್ತೆಂದು ಹರ್ನ್‌ಡನ್ ಹೇಳುತ್ತಾನೆ. ನಗೆ ಆ ವಿಷಾದವನ್ನು ಮರೆಸುವ ಮುಖವಾಡವಾಗಿರಲಿಲ್ಲ. ಅದಿಲ್ಲದೆ ಆತ ಉಸಿರಾಡುವುದೇ ಕಷ್ಟವಿತ್ತು.

ಹುಚ್ಚನ್ನು ಕಂಡು ಮುಖ ತಿರುಗಿಸುವ ಕಾಲ ಅದು. 1844ರಲ್ಲಿ ಇಂಡಿಯಾನಾದ ಹಳೆಯ ಊರಿಗೆ ಹೋದಾಗ, 19ರ ಪ್ರಾಯದಲ್ಲೇ ಬುದ್ಧಿ ಭ್ರಮಣೆಯಾಗಿದ್ದ ಬಾಲ್ಯದ ಸಹಪಾಠಿ ಮ್ಯಾಥ್ಯೂ ಜೆಂಟ್ರಿಯನ್ನು ಲಿಂಕನ್ ಅದೇ ಸ್ಥಿತಿಯಲ್ಲಿ ಕಂಡ. ಬಳಿಕ ಆತನ ಕುರಿತು ಒಂದು ಕವಿತೆಯನ್ನೇ ಬರೆದ. ಊರಿನ ಸಿರಿವಂತನ ಮಗ, ಜಾಣ ಹುಡುಗ ಏಕೆ ಹಾಗಾದ ಎಂಬ ಪ್ರಶ್ನೆ ಆತನನ್ನು ಬಿಟ್ಟಿರಲಿಲ್ಲ.

ಕುತೂಹಲದ ಸಂಗತಿಯೆಂದರೆ, 1841ರ ಕುಸಿತ ಪಟ್ಟಣಕ್ಕೆಲ್ಲ ಗೊತ್ತಿದ್ದರೂ ಲಿಂಕನ್ ರಾಜಕೀಯ ಬದುಕಿಗೆ ಅದು ಅಡ್ಡ ಬರಲಿಲ್ಲ. 1972ರಲ್ಲಿ ಅದೇ ದೇಶದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಥಾಮಸ್ ಈಗಲ್‌ಟನ್, ಖಿನ್ನತೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದ ಸುದ್ದಿ ಹೊರಬಿದ್ದ ಮೇಲೆ ಕಣದಿಂದ ಹಿಂದೆ ಸರಿಯಬೇಕಾಯಿತು. ನೂರಮೂವತ್ತು ವರ್ಷಗಳಲ್ಲಿ ವೈದ್ಯಶಾಸ್ತ್ರ ಬೆಳೆದಿತ್ತು. ಜನರ ಔದಾರ್ಯದ ಬಗ್ಗೆ ಹಾಗೆ ಹೇಳುವಂತಿಲ್ಲ.

ಶ್ವೇತಭವನದಲ್ಲಿ

ಅಧ್ಯಕ್ಷನಾದ ಮರುತಿಂಗಳೇ ಅಂತರ್ಯುದ್ಧ ಆರಂಭವಾಯಿತು. 1850ರಲ್ಲಿ ಮಗ ಎಡ್ಡಿಯನ್ನು ಕಳೆದುಕೊಂಡಿದ್ದ ದಂಪತಿಗಳಿಗೆ 1862ರ ಫೆಬ್ರುವರಿ 20ರಂದು ಶ್ವೇತಭವನದಲ್ಲೇ 11 ವರ್ಷದ ವಿಲ್ಲಿಯ ಸಾವನ್ನು ಕಾಣಬೇಕಾಯಿತು. ಮೇರಿ ಆ ಆಘಾತದಿಂದ ಮೇಲೇಳಲೇ ಇಲ್ಲ. ಲಿಂಕನ್ ಮುಂದೆ ರಣರಂಗದ ತಂತಿಗಳ ರಾಶಿಯಿತ್ತು. ಕುಳಿತು ಅಳಲೂ ಬಿಡುವಿರಲಿಲ್ಲ. ಬಿಡುವು ಮಾಡಿಕೊಂಡಾಗ ಷೇಕ್ಸ್‌ಪಿಯರ್ ಓದುತ್ತಿದ್ದ, ನಾಟಕಕ್ಕೆ ಹೋಗುತ್ತಿದ್ದ, ಹಾಸ್ಯಬರಹಗಳನ್ನು ಗಟ್ಟಿಯಾಗಿ ಓದಿ ಕೇಳಿಸುತ್ತಿದ್ದ. 1862ರ ಸೆಪ್ಟೆಂಬರ್ 22ರಂದು ಗುಲಾಮರ ವಿಮೋಚನೆಯ ಘೋಷಣೆಯನ್ನು ಸಂಪುಟದ ಮುಂದಿಡುವ ಮೊದಲು ಆತ ಓದಿದ್ದು ಆರ್ಟೆಮಸ್ ವಾರ್ಡ್‌ನ ಒಂದು ಹಾಸ್ಯಪ್ರಸಂಗವನ್ನು. ಯುದ್ಧಮಂತ್ರಿ ಸ್ಟಾಂಟನ್‌ನಂಥ ಗಂಭೀರರಿಗೆ ಮುಜುಗರವಾಯಿತು.

ಅದೇ ಡಿಸೆಂಬರಿನಲ್ಲಿ ಫ್ರೆಡರಿಕ್ಸ್‌ಬರ್ಗ್ ಯುದ್ಧದಲ್ಲಿ ಸರ್ಕಾರದ ಸೇನೆಯ 12 ಸಾವಿರಕ್ಕೂ ಹೆಚ್ಚು ಮಂದಿ ಸತ್ತು, ಗಾಯಗೊಂಡು, ಕಾಣೆಯಾದರು. ಆ ಸೋಲಿನ ಹತ್ತು ದಿನಗಳಲ್ಲೇ, ಡಿಸೆಂಬರ್ 23ರಂದು, ಲಿಂಕನ್ ಒಂದು ಪತ್ರ ಬರೆಯಲು ಕುಳಿತ. ಇಲಿನಾಯ್‌ನ ಹಳೆಯ ಪರಿಚಯದ ವಿಲಿಯಂ ಮೆಕಲ್ಲಾ ಯುದ್ಧದಲ್ಲಿ ಸತ್ತಿದ್ದ. ಅವನ ಮಗಳು ಫ್ಯಾನಿ ಕೋಣೆ ಸೇರಿ ಅನ್ನನೀರು ಬಿಟ್ಟಿದ್ದಾಳೆಂಬ ಸುದ್ದಿ ಗೆಳೆಯ ಡೇವಿಡ್ ಡೇವಿಸ್ ಮೂಲಕ ತಲುಪಿತ್ತು. ಧೈರ್ಯವಾಗಿರು, ದೇವರ ಇಚ್ಛೆ ಎಂಬಂಥ ಸಾಂತ್ವನದ ಸವಕಲು ಮಾತು ಅದರಲ್ಲಿಲ್ಲ. ಎಳೆಯರಿಗೆ ದುಃಖ ಹೆಚ್ಚು ಕಹಿ, ಏಕೆಂದರೆ ಅದು ಅವರ ಮೇಲೆ ಅನಿರೀಕ್ಷಿತವಾಗಿ ಎರಗುತ್ತದೆ. ಕಾಲ ಕಳೆಯದೆ ಪೂರ್ತಿ ನೆಮ್ಮದಿ ಸಿಗದು. ಮತ್ತೆಂದೂ ಸುಖವಾಗಿರಲಾರೆನೆಂದು ಈಗ ಅನಿಸುತ್ತದೆ, ಆದರೆ ಆ ಅನಿಸಿಕೆ ತಪ್ಪು. ಇದನ್ನು ತಾನು ಅನುಭವದಿಂದ ಬಲ್ಲೆ ಎಂದು ಆತ ತಿಳಿಸಿದ. ಇದು ಎಂದೂ ಮುಗಿಯದು ಎಂದು ರೋಗಿಯನ್ನು ನಂಬಿಸುವುದೇ ಖಿನ್ನತೆಯ ಕ್ರೂರ ಗುಣ. ಸ್ಟುವರ್ಟ್‌ಗೆ ಪತ್ರ ಬರೆದಾಗ ಲಿಂಕನ್ ಕೂಡ ಅದನ್ನು ನಂಬಿದ್ದ.

1863ರ ಜನವರಿ 1ರಂದು ವಿಮೋಚನೆಯ ಘೋಷಣೆ ಜಾರಿಗೆ ಬಂತು. ನಂತರದ ಒಂದು ಭೇಟಿಯಲ್ಲಿ ಲಿಂಕನ್ ಸ್ಪೀಡ್‌ಗೆ ಆ ಹಳೆಯ ಚಳಿಗಾಲದ ಮಾತನ್ನು ನೆನಪಿಸಿ, ಜನ ತನ್ನನ್ನು ನೆನೆಯುವಂಥ ಕೆಲಸ ಇದೇ ಇರಬಹುದೆಂದ. ಅಷ್ಟು ವರ್ಷ ಗುಲಾಮಗಿರಿಯ ಪರವಾಗಿದ್ದ ಸ್ಪೀಡ್ ಈ ಮಾತನ್ನು ಜತನದಿಂದ ಬರೆದಿಟ್ಟ. 1865ರ ಏಪ್ರಿಲ್ 14ರ ರಾತ್ರಿ ನಾಟಕ ನೋಡುತ್ತಿದ್ದಾಗ ಹಂತಕನ ಗುಂಡಿಗೆ ಸಿಕ್ಕಿ ಮರುದಿನ ಬೆಳಗ್ಗೆ ಲಿಂಕನ್ ತೀರಿಕೊಂಡ. ಆಗ 56 ವರ್ಷ.

ಮೇರಿಗೆ ಅಂಥ ಗೆಳೆಯರ ಬಳಗ ದೊರೆಯಲಿಲ್ಲ. 1871ರಲ್ಲಿ ನಾಲ್ಕನೆಯ ಮಗ ಟ್ಯಾಡ್ ಸತ್ತ. 1875ರ ಮೇ ತಿಂಗಳಲ್ಲಿ, ಉಳಿದೊಬ್ಬ ಮಗ ರಾಬರ್ಟ್ ಸಲ್ಲಿಸಿದ ಅರ್ಜಿಯ ಮೇಲೆ ಷಿಕಾಗೊದ ನ್ಯಾಯಾಲಯದಲ್ಲಿ 12 ಮಂದಿ ಗಂಡಸರ ಜ್ಯೂರಿ ಒಂದೇ ದಿನದಲ್ಲಿ ಆಕೆಯನ್ನು ಹುಚ್ಚಿಯೆಂದು ಘೋಷಿಸಿತು. ಬಟೇವಿಯಾ ಪಟ್ಟಣದ ಖಾಸಗಿ ಮನೋರೋಗಿಗಳ ಆಸ್ಪತ್ರೆಯಲ್ಲಿ ಕೆಲ ತಿಂಗಳು ಇರಿಸಲಾಯಿತು. ಕಾನೂನು ಬಲ್ಲ ಗೆಳತಿ ಮೈರಾ ಬ್ರಾಡ್‌ವೆಲ್ ಪತ್ರಿಕೆಗಳವರೆಗೂ ದನಿಯೆತ್ತಿದ ಮೇಲೆ ಆಕೆ ಬಿಡುಗಡೆಯಾಗಿ ಸ್ಪ್ರಿಂಗ್‌ಫೀಲ್ಡ್‌ನ ಅಕ್ಕ ಎಲಿಜಬೆತ್ ಮನೆ ಸೇರಿದಳು. 1876ರ ಜೂನ್‌ನಲ್ಲಿ ನ್ಯಾಯಾಲಯ ಆಕೆಯ ಬುದ್ಧಿ ಸ್ವಸ್ಥವಾಗಿದೆಯೆಂದು ತೀರ್ಪಿತ್ತಿತು. 1882ರ ಮೇ ತಿಂಗಳಲ್ಲಿ ಜೋಶುವಾ ಸ್ಪೀಡ್ ತೀರಿಕೊಂಡ. ಅದೇ ಜುಲೈ 16ರಂದು ಮೇರಿ ಕೊನೆಯುಸಿರೆಳೆದಳು, ನಲವತ್ತು ವರ್ಷಗಳ ಹಿಂದೆ ಲಿಂಕನ್ ಕೈಹಿಡಿದಿದ್ದ ಅದೇ ಅಕ್ಕನ ಮನೆಯಲ್ಲಿ.